ವಿಷಯ: ಬಣ್ಣವಿಲ್ಲದ ಕಾಪರ್ ಪೆಪ್ಟೈಡ್ ಸೀರಮ್ ಮತ್ತು ಠಾಣೆ ನಗರದ ನಿಮ್ಮ ಕೌಂಟರಿನ ವರ್ತನೆ

ಗೆ,
ಗ್ರಾಹಕ ದೂರು ಅಧಿಕಾರಿಗಳು

ನಮಸ್ಕಾರ.

ಇಂಗ್ಲಿಷ್ ಮೇಲ್‌ಗಳಿಗೆ ಮೆಷಿನ್ ಉತ್ತರ ಬಂತು. ಹಿಂದಿಯಲ್ಲಿ ಫೋನ್ ಮಾಡಿದರೆ ಹೆಚ್ಚಾಗಿ ಬರೀ ಸಂಗೀತ. ನಿಮ್ಮ ಡಬ್ಬಿಯ ಮೇಲೆ ಬೆಂಗಳೂರಿನ ವಿಳಾಸ ಇದೆ, ಹಾಗಾಗಿ ಇನ್ನು ಕನ್ನಡದಲ್ಲೇ ಹೇಳಿ ನೋಡೋಣ ಅಂತ ಮುಂಬೈ ಹತ್ತಿರದ ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳದೆ ಬರಿ ಅಂತ ನಮ್ಮ ಯಜಮಾನರು ಹೇಳಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಮುಖದ ಸುಕ್ಕಿಗೆ ಅಂತ ನೀವು ಮಾರುವ ಕಾಪರ್ ಪೆಪ್ಟೈಡ್ ಸೀರಮ್ಮನ್ನು ನಿಮ್ಮ ವೆಬ್‌ಸೈಟಿನಿಂದಲೇ ತರಿಸಿದ್ದೆ. 30 ಎಂಎಲ್ ಬಾಟಲಿಗೆ 1,499 ರೂಪಾಯಿ. ಮೊದಲ ಬಾಟಲಿ ನೀಲಿ ಇತ್ತು. ಎರಡನೆಯದು ಶುದ್ಧ ನೀರಿನ ಬಣ್ಣ. ಡ್ರಾಪರ್ ಎತ್ತಿ ಕಿಟಕಿ ಬೆಳಕಿಗೆ ಹಿಡಿದರೂ ನೀಲಿಯ ಸುಳಿವಿಲ್ಲ. ನಾನು ಕೆಮಿಸ್ಟ್ರಿ ಪಾಠ ಹೇಳಿ ರಿಟೈರ್ ಆದವಳು. ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಅನ್ನುವ ಅಮೈನೋ ಆಮ್ಲಗಳು ಸೇರಿದ ಪುಟ್ಟ ಸರಪಳಿಯೇ ಆ ಪೆಪ್ಟೈಡ್, ಅದು ತಾಮ್ರವನ್ನು ಹಿಡಿದುಕೊಂಡಾಗ ನೀಲಿ ಆಗುತ್ತದೆ. ಮೈಲುತುತ್ತದ ನೀಲಿಯೂ ತಾಮ್ರದ್ದೇ. ಹಾಗಾದರೆ ಈ ಬಾಟಲಿಯ ತಾಮ್ರ ಎಲ್ಲಿ ಹೋಯಿತು?

ಇಷ್ಟೇ ಕೇಳಲು ಠಾಣೆ ಮಾಲಿನ ನಿಮ್ಮ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗ ಬಾಟಲಿಯನ್ನು ಮುಟ್ಟಲೂ ಇಲ್ಲ. "ಕಾಕೂ, ಮೊದಲು ಕೂತ್ಕೊಳ್ಳಿ" ಅಂದ. ಕೂತೆ. ದೀಪ ಇರುವ ಭೂತಗನ್ನಡಿ ಎಳೆದು ನನ್ನ ಮುಖದ ಮುಂದೆ ನಿಲ್ಲಿಸಿದ. ವಯಸ್ಸೆಷ್ಟು ಅಂತ ಗಟ್ಟಿಯಾಗಿ ಕೇಳಿದ. ಐವತ್ತೊಂಬತ್ತು ಅಂದೆ. "ಎಷ್ಟು?" ಅಂದ. ಇನ್ನೊಂದು ಸಲ ಹೇಳಿದೆ, ಲಿಪ್‌ಸ್ಟಿಕ್ ನೋಡುತ್ತಿದ್ದ ಹುಡುಗಿಯರೂ ಕೇಳಿಸಿಕೊಂಡರು. ಆಮೇಲೆ ಗಲ್ಲ ಹಿಡಿದು ಮುಖ ಎತ್ತಿ, ಬಿಳಿ ಪೆನ್ಸಿಲಿನಿಂದ ಹಣೆಯ ಮೇಲೆ ಮೂರು ಗೆರೆ, ಕಣ್ಣಿನ ಪಕ್ಕ ಒಂದೊಂದು ಸುತ್ತು ಎಳೆದ. "ನೋಡಿ, ಪ್ರಾಬ್ಲಮ್ ಸೀರಮ್ಮಿನದಲ್ಲ, ನೀವು ಲೇಟಾಗಿ ಬಂದಿದ್ದೀರಿ" ಅಂದ. ಹುಡುಗಿಯರು ನಕ್ಕರು. ನಾನು ಬಣ್ಣದ ಬಗ್ಗೆ ಕೇಳಿದೆ. ಅವನು 3,200 ರೂಪಾಯಿಯ ನೈಟ್ ಕ್ರೀಮ್ ತೋರಿಸಿದ. ಮತ್ತೆ ಕೇಳಿದೆ. "ಬಣ್ಣ ಮುಖಕ್ಕೆ ಹಚ್ಚೋದಕ್ಕಾ ಕಾಕೂ?" ಅಂದ.

ಪೆನ್ಸಿಲ್ ಗುರುತನ್ನು ಒರೆಸಲಿಲ್ಲ. ಹೇಳಲೂ ಇಲ್ಲ. ಆ ಗೆರೆಗಳನ್ನು ಹೊತ್ತುಕೊಂಡೇ ಠಾಣೆಯಿಂದ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಎಲ್ಲರೂ ನೋಡುತ್ತಿದ್ದರು. ದಿವಾ ಸ್ಟೇಷನ್ನಿನಲ್ಲಿ ಹತ್ತಿದ ಹೆಂಗಸೊಬ್ಬಳು ಕೊನೆಗೆ ಕರ್ಚೀಫ್ ಕೊಟ್ಟಳು. ನಿಮ್ಮ ಕಂಪನಿಯ ತರಬೇತಿ ಅಮೋಘವಾಗಿದೆ, ಅಭಿನಂದನೆಗಳು.

ಮನೆಗೆ ಬಂದು ಡಬ್ಬಿಯನ್ನು ಸರಿಯಾಗಿ ಓದಿದೆ. ಮುಂದೆ ದಪ್ಪ ಅಕ್ಷರದಲ್ಲಿ 5% ಕಾಪರ್ ಪೆಪ್ಟೈಡ್. ಹಿಂದಿನ ಪಟ್ಟಿಯಲ್ಲಿ ಅದೇ ಪೆಪ್ಟೈಡ್, ಕಾಪರ್ ಟ್ರೈಪೆಪ್ಟೈಡ್-1 ಅನ್ನುವ ಹೆಸರಿನಲ್ಲಿ, ಇರುವುದು ಫೀನಾಕ್ಸಿಎಥನಾಲ್ ಆದ ಮೇಲೆ! ಫೀನಾಕ್ಸಿಎಥನಾಲ್ ಪ್ರಿಸರ್ವೇಟಿವ್, 1% ಒಳಗೇ ಹಾಕುವಂಥದ್ದು. 1%ಕ್ಕಿಂತ ಜಾಸ್ತಿ ಇರುವುದನ್ನೆಲ್ಲ ಪ್ರಮಾಣದ ಪ್ರಕಾರ ಮೊದಲು ಬರೆಯಬೇಕು ಅಂತ 2020ರ ಕಾಸ್ಮೆಟಿಕ್ಸ್ ನಿಯಮ ಹೇಳುತ್ತದೆ. ಅಂದರೆ ನಿಮ್ಮ ಪೆಪ್ಟೈಡ್ 1% ಮೀರಿಲ್ಲ. ನಿಮಗೆ ಗೊತ್ತಿಲ್ಲದ್ದೇನಲ್ಲ. ಸಂಗೀತದ ನಡುವೆ ಒಮ್ಮೆ ಫೋನ್ ಎತ್ತಿದ ನಿಮ್ಮವರೊಬ್ಬರು "ಮೇಡಂ, 5% ಅಂದರೆ ಪೆಪ್ಟೈಡ್ ಕಲಸಿದ ದ್ರಾವಣದ ಲೆಕ್ಕ" ಅಂದರು. ಪಾಯಸ ತೂಗಿ ಗೋಡಂಬಿಯ ಬಿಲ್ ಹಾಕಿದ ಹಾಗಾಯಿತು, ಅಲ್ವಾ?

ಆನ್‌ಲೈನ್ ಮಾರುವವರು ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅದೂ 2020ರ ನಿಯಮವೇ. ನಿಮ್ಮ ತಿಂಗಳು ಯಾವಾಗಲೋ ಮುಗಿದಿದೆ.

ಎರಡೂ ಬಾಟಲಿಯ ದುಡ್ಡು ವಾಪಸ್ ಬೇಕು. ಈ ಬ್ಯಾಚಿನಲ್ಲಿ ನಿಜವಾಗಿ ಎಷ್ಟು ಪೆಪ್ಟೈಡ್ ಇದೆ ಅನ್ನುವ ಲ್ಯಾಬ್ ರಿಪೋರ್ಟ್ ಬೇಕು. ಆ ಹುಡುಗನ ಕ್ಷಮೆ ಬೇಡ, ಅವನಿಗೆ ಪೆನ್ಸಿಲ್ ಕೊಟ್ಟವರ ಕ್ಷಮೆ ಲಿಖಿತವಾಗಿ ಬೇಕು.

ನಿಜ ಹೇಳಬೇಕೆಂದರೆ, ನೀವು ಕೊಡುತ್ತೀರಿ ಅನ್ನುವ ನಂಬಿಕೆ ನನಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಗ್ರಾಹಕ ಆಯೋಗಕ್ಕೆ ಹೋಗಲು ನಾನು ಬೆಂಗಳೂರಿಗೆ ಬರಬೇಕಿಲ್ಲ, ನನ್ನ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಇಷ್ಟು ಮೊತ್ತಕ್ಕೆ ಫೀಸೂ ಇಲ್ಲ, ನನಗೆ ಬಿಡುವೂ ಜಾಸ್ತಿ. ಸೀಲ್ ಒಡೆದ ಬಾಟಲಿ, ಡಬ್ಬಿ, ಬಿಲ್ಲು ಎಲ್ಲ ತೆಗೆದುಕೊಂಡು ಸೋಮವಾರ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಎಫ್‌ಡಿಎ (ಆಹಾರ ಮತ್ತು ಔಷಧ ಆಡಳಿತ) ಕಚೇರಿಗೆ ಹೋಗುತ್ತೇನೆ. ನೀವು ದುಡ್ಡು ಕೊಟ್ಟರೂ ಹೋಗುತ್ತೇನೆ.

ಇಂತಿ,
ನಿಮ್ಮ ಭಾಷೆಯಲ್ಲಿ ಲೇಟಾಗಿ ಬಂದ ಗ್ರಾಹಕಿ
ಡೊಂಬಿವಲಿ ಪೂರ್ವ