ಕಲ್ಲು ಕನ್ನಡದಲ್ಲೇ ಇದೆ, ಓದಿ ಹೇಳುವವರು ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಪಾರಂಪರಿಕ ಕಟ್ಟಡಗಳ ದುಃಸ್ಥಿತಿಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಆಗಾಗ ವರದಿಗಳು ಬರುತ್ತಿರುತ್ತವೆ. ಗೋಡೆ ಬಿರುಕು ಬಿಟ್ಟದ್ದು, ಜಾಗ ಒತ್ತುವರಿಯಾದದ್ದು, ಅನುದಾನ ಬಾರದೆ ಕೆಲಸ ನಿಂತದ್ದು ಎಲ್ಲವೂ ಗಂಭೀರ ಸಂಗತಿಗಳೇ. ಆದರೆ ಗಟ್ಟಿಮುಟ್ಟಾಗಿ ನಿಂತಿರುವ, ಬಾಗಿಲು ತೆರೆದೇ ಇರುವ ಸ್ಥಳಗಳಿಗೆ ಹೋದವರೂ ಅಲ್ಲಿ ಏನು ನೋಡಿದೆವೆಂಬುದು ತಿಳಿಯದೆಯೇ ಮನೆಗೆ ಮರಳುತ್ತಿದ್ದಾರೆ. ಈ ಕೊರತೆಯ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ನಾನು ನಮ್ಮ ಬಡಾವಣೆಯ ಮಕ್ಕಳನ್ನು ಭಾನುವಾರಗಳಂದು ಇಂಥ ಸ್ಥಳಗಳಿಗೆ ಕರೆದುಕೊಂಡು ಹೋಗುತ್ತ ಬಂದಿದ್ದೇನೆ. ಇಲ್ಲಿ ಬರೆಯುತ್ತಿರುವುದು ಆ ಓಡಾಟದಲ್ಲಿ ಕಂಡದ್ದನ್ನೇ.

ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಆರಂಭವಾದದ್ದು. ಮದ್ದೂರು ಸೀಮೆಯಿಂದ ಬಂದ ಆತಕೂರು ಶಾಸನ ಅದರ ಸಂಗ್ರಹದಲ್ಲಿದೆ. ಕ್ರಿ.ಶ. 949ರ ಸುಮಾರಿನ ಈ ಕಲ್ಲಿನಲ್ಲಿ ಚೋಳ ರಾಜಾದಿತ್ಯ ಮಡಿದ ತಕ್ಕೋಲದ ಮಹಾಯುದ್ಧದ ಸುದ್ದಿಯಿದೆ. ಅದಕ್ಕಾಗಿ ಚರಿತ್ರೆಕಾರರು ಇದನ್ನು ಮತ್ತೆ ಮತ್ತೆ ಓದಿದ್ದಾರೆ. ಆದರೆ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಯುದ್ಧವಲ್ಲ, ಒಂದು ನಾಯಿ. ಕಾಳಗದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚಿ ಒಡೆಯನು ಬೇಕಾದ್ದನ್ನು ಕೇಳೆಂದಾಗ ಮಣಲೇರನೆಂಬ ವೀರನು ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಈ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಬಾರದೆಂಬ ಕಟ್ಟಳೆಯನ್ನೂ ಕೆತ್ತಿಸಿದರು. ಕೆಲವು ವರ್ಷಗಳ ಹಿಂದೆ ನಾನು ಈ ಕಥೆಯನ್ನು ಕಲ್ಲಿನ ಮುಂದೆಯೇ ನಿಂತು ಹೇಳಿದೆ. ನಾಯಿಯೂ ಹಂದಿಯೂ ಸೆಣಸುತ್ತಿರುವ ಉಬ್ಬುಶಿಲ್ಪವನ್ನು ಅಲ್ಲಿಯವರೆಗೆ ಮೇಲೆ ಮೇಲೆ ನೋಡಿ ಮುಂದೆ ಸಾಗಲು ಹೊರಟಿದ್ದ ಮಕ್ಕಳು ತಿರುಗಿ ಬಂದು ನೆಲದ ಮೇಲೆ ಕೂತರು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು, ‘ಕಾಳಿ ಅಂತ ಎಲ್ಲಿ ಬರೆದಿದೆ, ತೋರಿಸಿ’ ಎಂದು ಹಟ ಹಿಡಿದಳು. ಸಾವಿರ ವರ್ಷಕ್ಕೂ ಹಿಂದಿನ ಅಕ್ಷರಗಳ ನಡುವೆ ಒಂದು ನಾಯಿಯ ಹೆಸರನ್ನು ಹುಡುಕಿದ ಆ ಅರ್ಧ ಗಂಟೆಗೆ ಸಮನಾದ ಕನ್ನಡ ತರಗತಿಯನ್ನು ನನ್ನ ಮೂವತ್ತು ವರ್ಷಗಳ ವೃತ್ತಿಯಲ್ಲಿ ನಾನು ಮಾಡಿಲ್ಲ.

ಬೇಗೂರಿನ ಅನುಭವವೂ ಇಂಥದೇ. ನಮ್ಮ ಊರಿಗೆ ಹೆಸರು ಹೇಗೆ ಬಂತೆಂದು ಯಾವ ಮಗುವನ್ನು ಕೇಳಿದರೂ ಹೊಯ್ಸಳ ಬಲ್ಲಾಳ, ಮುದುಕಿ, ಬೆಂದ ಕಾಳು ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೊಮ್ಮನಹಳ್ಳಿಯ ಆಚೆ, ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಒಂಬತ್ತನೆಯ ಶತಮಾನದ ಕೊನೆಯ ಭಾಗದ ವೀರಗಲ್ಲು ‘ಬೆಂಗಳೂರು ಕಾಳಗ’ದ ಮಾತನ್ನು ಎತ್ತುತ್ತದೆ, ಆ ಕಾಳಗದಲ್ಲಿ ಬೇಗೂರು ಸೀಮೆಯ ನಾಯಕ ನಾಗತ್ತರನ ಕಡೆಯವರು ಮಡಿದರೆಂದು ತಿಳಿಸುತ್ತದೆ. ಅಂದರೆ ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ಕೆಂಪೇಗೌಡರು 1537ರಲ್ಲಿ ಕೋಟೆ ಪೇಟೆ ಕಟ್ಟುವುದಕ್ಕಿಂತ ಆರು ಶತಮಾನಗಳಿಗೂ ಮೊದಲೇ, ಈ ಹೆಸರು ಬಳಕೆಯಲ್ಲಿತ್ತು. ಕೋಟಿಗೂ ಮೀರಿದ ಜನ ದಿನಕ್ಕೆ ಹತ್ತಾರು ಬಾರಿ ಉಚ್ಚರಿಸುವ ಹೆಸರಿನ ಅತಿ ಹಳೆಯ ದಾಖಲೆ ನಗರದ ಸಾರಿಗೆ ಬಸ್ಸು ಹೋಗುವ ಊರಿನಲ್ಲಿದೆ ಎಂಬುದನ್ನು ನಾನು ವಿಚಾರಿಸಿದವರಲ್ಲಿ ಹೆಚ್ಚಿನವರು ಅರಿತಿರಲಿಲ್ಲ. ಹೆಬ್ಬಾಳದಲ್ಲಿ ಕೆಲವು ವರ್ಷಗಳ ಹಿಂದೆ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಇದಕ್ಕಿಂತಲೂ ಹಳೆಯದು, ಕ್ರಿ.ಶ. 750ರ ಸುಮಾರಿನದು, ಗಂಗ ಅರಸ ಶ್ರೀಪುರುಷನ ಕಾಲದ್ದು. ಅದನ್ನು ಜನರೇ ಮುತುವರ್ಜಿಯಿಂದ ಉಳಿಸಿಕೊಂಡರು ಎನ್ನುವುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನೂ ಓದುವಂತೆ ಮಾಡುತ್ತಿರುವ ಕೆಲಸವನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಓದುವ ಕೆಲಸವನ್ನು ವಿದ್ವಾಂಸರು ಮಾಡಿಕೊಟ್ಟಿದ್ದಾರೆ. ಅದು ಕಲ್ಲಿನ ಪಕ್ಕದಲ್ಲಿ ನಿಂತವನ ಕಿವಿಗೆ ಬೀಳುತ್ತಿಲ್ಲ.

ಬೀಳದಿರುವುದು ಹೇಗೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸ್ಥಳದ ಹೆಸರು ಬೇಡ. ಕಳೆದ ಬೇಸಿಗೆ ರಜೆಯಲ್ಲಿ ಹದಿನಾಲ್ಕು ಮಕ್ಕಳೊಂದಿಗೆ ಒಂದು ಸಂರಕ್ಷಿತ ಸ್ಮಾರಕಕ್ಕೆ ಹೋಗಿದ್ದೆ. ಬಾಗಿಲ ಬಳಿಯ ಫಲಕದಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ 1958ರ ಕಾಯ್ದೆಯ ಉಲ್ಲೇಖವಿತ್ತು, ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂಬ ಎಚ್ಚರಿಕೆಯಿತ್ತು. ಅದು ಇರಲೇಬೇಕು. ಕಟ್ಟಿಸಿದವರು ಯಾರು, ಏಕೆ ಕಟ್ಟಿಸಿದರು, ಅಲ್ಲಿ ನಡೆದದ್ದೇನು ಎಂಬ ಬಗ್ಗೆ ಇದ್ದ ಎರಡನೆಯ ಫಲಕದ ಬಣ್ಣ ಬಿಸಿಲಿಗೆ ಉದುರಿಹೋಗಿ ಕನ್ನಡದ ಸಾಲುಗಳಲ್ಲಿ ಒತ್ತಕ್ಷರಗಳಷ್ಟೇ ಉಳಿದಿದ್ದವು. ಕಾವಲುಗಾರರನ್ನು ಕೇಳಿದೆ. ಅವರು ಒಳ್ಳೆಯವರು, ಮಕ್ಕಳಿಗೆ ಕುಡಿಯಲು ನೀರು ಕೊಟ್ಟರು. ಆದರೆ, ‘ಅಮ್ಮಾ, ನನಗೆ ಯಾರೂ ಹೇಳಿಕೊಟ್ಟಿಲ್ಲ’ ಎಂದರು. ತಪ್ಪು ಅವರದಲ್ಲ.

ಹೇಳುವವರಿದ್ದರೆ ಕಾಲ್ನಡಿಗೆಯ ದೂರದೊಳಗೆ ಎಷ್ಟು ಹೇಳಬಹುದೆಂಬುದನ್ನು ಕೃಷ್ಣರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ನೋಡಿ. ಹೈದರಾಲಿ 1781ರಲ್ಲಿ ಆರಂಭಿಸಿದ ಬೇಸಿಗೆ ಅರಮನೆಯನ್ನು ಟಿಪ್ಪು 1791ರಲ್ಲಿ ಮುಗಿಸಿದ. ಅದೇ 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ಒಡೆದು ಒಳನುಗ್ಗಿತು. ತೇಗದ ಕಂಬಗಳ ನಡುವೆ ನಿಂತು ಮರಗೆಲಸ ಮೆಚ್ಚುವವರಿಗೆ, ಕೋಟೆಯ ಅಳಿದುಳಿದ ದೆಹಲಿ ಬಾಗಿಲನ್ನು ನೋಡಿ ಹೊರಬರುವವರಿಗೆ, ಈ ಎರಡೂ ಒಂದೇ ವರ್ಷದ ಮಾತೆಂದು ಯಾರಾದರೂ ಹೇಳಿದರೆ ಆ ಎರಡು ಕಟ್ಟಡಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಮುಂದೆ ಇದೇ ಅರಮನೆಯಲ್ಲಿ ಬ್ರಿಟಿಷರ ಕಚೇರಿಗಳು ನಡೆದವು, 1868ರಲ್ಲಿ ಅವು ಕಬ್ಬನ್ ಉದ್ಯಾನದ ಕೆಂಪು ಕಟ್ಟಡಕ್ಕೆ ಹೋದವು, ಹದಿನೆಂಟು ಇಲಾಖೆಗಳಿಗೆ ಜಾಗ ಕೊಟ್ಟದ್ದರಿಂದ ಅದು ಅಠಾರಾ ಕಚೇರಿಯಾಯಿತು ಎಂದರೆ ಮಕ್ಕಳಿಗೆ ಈಗ ಅದೇ ಕಟ್ಟಡದಲ್ಲಿರುವ ಹೈಕೋರ್ಟಿನವರೆಗೂ ದಾರಿ ಸಿಗುತ್ತದೆ.

ಮನೆಗಳ ಮಾತೂ ಇದೆ. ಗವಿಪುರದಲ್ಲಿ ಮಾಸ್ತಿಯವರ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದೇವೆ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯಿದೆ, ಅವರ ಕನ್ನಡಕ, ಬಳಸುತ್ತಿದ್ದ ಲೋಟಗಳು, ಭೇಟಿಚೀಟಿ ಮುದ್ರಿಸುತ್ತಿದ್ದ ಅಚ್ಚು ಇಂಥವನ್ನು ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಕನ್ನಂಬಾಡಿ ಕಟ್ಟೆಯನ್ನು ಫೋಟೊದಲ್ಲಿ ಕಂಡ ಮಗುವಿಗೆ ಆ ಕನ್ನಡಕ ಏನು ಹೇಳಬಲ್ಲದೋ ಅದನ್ನು ಪಠ್ಯಪುಸ್ತಕ ಹೇಳಲಾರದು. ದೇವನಹಳ್ಳಿಯ ಕೋಟೆಯೂ ಅದೇ ದಾರಿಯಲ್ಲಿ ಸಿಗುತ್ತದೆ. ಒಂದು ಭಾನುವಾರಕ್ಕೆ ಸಾಕಾಗುವಷ್ಟಿದೆ.

ಉಳಿಸಿಕೊಳ್ಳುವ ವಿಷಯದಲ್ಲಿ ನಮ್ಮಿಂದ ಎರಡೂ ಸಾಧ್ಯವೆಂಬುದನ್ನು 2017ನೇ ಇಸವಿ ತೋರಿಸಿತು. ರೈಲು ಹಳಿಯ ಜೋಡಿ ಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಮದ್ದುಗುಂಡಿನ ಮನೆಯನ್ನು ಕೆಡವದೆ, ಇಡಿಯಾಗಿ ಸುಮಾರು 100 ಮೀಟರ್ ದೂರಕ್ಕೆ ಸರಿಸಿ ಕೂರಿಸಿದರು. ಅದೇ ವರ್ಷ ಲಾಲ್‌ಬಾಗಿನ ಕ್ರುಂಬಿಗಲ್ ಸಭಾಂಗಣ ನೆಲಸಮವಾಯಿತು. ಬೆಂಗಳೂರಿಗೆ ಋತುವಿಗೊಂದು ಬಣ್ಣದ ಹೂಮರ ಕೊಟ್ಟ ಮಹನೀಯನ ಹೆಸರಿನ ಕಟ್ಟಡ ಅದು. ಅದರ ಕಥೆ ಹೆಚ್ಚು ಜನರಿಗೆ ಗೊತ್ತಿದ್ದಿದ್ದರೆ ಪಾಳು ಬೀಳುವ ಮೊದಲೇ ಕೇಳುವವರು ಹುಟ್ಟುತ್ತಿದ್ದರೆಂದು ನಾನು ನಂಬುತ್ತೇನೆ.

ಆದ್ದರಿಂದ ಪುರಾತತ್ವ, ಪ್ರವಾಸೋದ್ಯಮ ಮತ್ತು ಶಿಕ್ಷಣ ಇಲಾಖೆಗಳಲ್ಲಿ ನನ್ನ ವಿನಂತಿ ಇಷ್ಟು. ಶಾಸನವಿರುವ ಕಡೆಗಳಲ್ಲೆಲ್ಲ ಅದರ ಮೂಲಪಾಠವನ್ನೂ, ಐದನೆಯ ತರಗತಿಯ ಮಗು ಓದಬಲ್ಲ ಹೊಸಗನ್ನಡ ಸಾರಾಂಶವನ್ನೂ ಬಿಸಿಲು ಮಳೆಗೆ ಅಳಿಯದ ಹಾಗೆ ಕಲ್ಲಿನಲ್ಲೋ ಲೋಹದಲ್ಲೋ ಕೊರೆಸಿ ನಿಲ್ಲಿಸಬೇಕು. ಭಾನುವಾರ ಮತ್ತು ರಜಾದಿನಗಳಂದು ವಿವರಿಸಿ ಹೇಳುವವರೊಬ್ಬರು ಅಲ್ಲಿರಬೇಕು. ಇದಕ್ಕೆ ದೊಡ್ಡ ಮೊತ್ತವೇನೂ ಬೇಡ. ಈ ನಗರದಲ್ಲಿ ನನ್ನಂಥ ನಿವೃತ್ತ ಕನ್ನಡ ಮತ್ತು ಇತಿಹಾಸ ಶಿಕ್ಷಕರು ಬೀದಿಗೊಬ್ಬರಿದ್ದಾರೆ. ಒಂದು ವಾರ ತರಬೇತಿ, ಒಂದು ಗುರುತಿನ ಚೀಟಿ, ಕೂರಲು ಒಂದು ಕುರ್ಚಿ ಕೊಟ್ಟರೆ ಸಂಬಳ ಕೇಳದೆ ಬರುವವರು ಅನೇಕರು. ಕಾವಲುಗಾರರಿಗೂ ಆ ಒಂದು ವಾರದ ಪಾಠದಲ್ಲಿ ಜಾಗ ಕೊಡಬೇಕು, ಏಕೆಂದರೆ ವರ್ಷವಿಡೀ ಆ ಕಲ್ಲುಗಳ ಜೊತೆ ಇರುವವರು ಅವರೇ.

ಬೇಗೂರಿನಲ್ಲಿ ಇದನ್ನು ಮೊದಲು ಪ್ರಯತ್ನಿಸುವುದಾದರೆ, ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಆ ವೀರಗಲ್ಲಿನ ಪಕ್ಕ ನಿಲ್ಲಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ಬಸವನಗುಡಿ, ಬೆಂಗಳೂರು