ಬಕೆಟ್ ಎತ್ತುವ ಮುದುಕ ಮತ್ತು ನಿನ್ನ ನಾಲ್ಕು ನಿಮಿಷ

ಪ್ರೀತಿಯ ಪುಟ್ಟಾ,

ನೀನು ಕಳಿಸಿದ ಹನ್ನೊಂದು ಸೆಕೆಂಡಿನ ಲೈನ್ ಟೆಸ್ಟ್, ಅದೇ ನಿನ್ನ ಆನಿಮೇಷನ್ ಫಿಲ್ಮಿನ ಪರೀಕ್ಷಾ ತುಣುಕು, ನೋಡಿದೆ. ಒಂದು ಸಲ ಅಲ್ಲ, ಇಪ್ಪತ್ತು ಸಲವಾದರೂ ನೋಡಿರಬೇಕು. ಮೊದಲು ಹಾಗೇ ನೋಡಿದೆ, ಆಮೇಲೆ ಒಂದೊಂದೇ ಫ್ರೇಮ್ ತಳ್ಳುತ್ತಾ ನೋಡಿದೆ, ಕೊನೆಗೆ ಹಿಂದುಮುಂದಾಗಿ ಓಡಿಸಿಯೂ ನೋಡಿದೆ. ಪಕ್ಕದಲ್ಲಿ ಕೂತಿದ್ದ ನಿನ್ನ ಚಿಕ್ಕಪ್ಪ "ಅದೇ ಮುದುಕ, ಅದೇ ಬಕೆಟ್, ಪಾಪ ಎಷ್ಟು ಸಲ ಎತ್ತಿಸ್ತೀಯ" ಅಂದರು.

ಅದರ ಜೊತೆ ನೀನು ಬರೆದಿದ್ದನ್ನೂ ಓದಿದೆ. ಎಲ್ಲರ ಎದುರಿಗೇ ಮೇಷ್ಟ್ರು "ಇದರಲ್ಲಿ ಜೀವ ಇಲ್ಲ" ಅಂದುಬಿಟ್ಟರು, ರಾತ್ರಿ ನಿದ್ದೆ ಬರಲಿಲ್ಲ, ಈ ಕೋರ್ಸಿಗೆ ಸೇರಲೇಬಾರದಿತ್ತೇನೋ ಅಂತೆಲ್ಲ. ನಾನು ಸಮಾಧಾನ ಹೇಳಲಿ ಅಂತಲೇ ಬರೆದಿದ್ದೀಯ, ಗೊತ್ತು. ಆದರೆ ನಿನ್ನ ಚಿಕ್ಕಮ್ಮ ಹದಿನಾಲ್ಕು ವರ್ಷ ಲೈಟ್ ಬಾಕ್ಸ್ ಮುಂದೆ ಕೂತು, ಬೇರೆಯವರು ಬರೆದ ಎರಡು ಚಿತ್ರಗಳ ನಡುವಿನ ಚಿತ್ರ ತುಂಬಿಸುತ್ತಾ ಬೆನ್ನು ಬಗ್ಗಿಸಿಕೊಂಡವಳು. ಸಮಾಧಾನ ಆಮೇಲೆ. ಮೊದಲು ಬಕೆಟ್.

ಮೇಷ್ಟ್ರು ಹೇಳಿದ ರೀತಿ ಒರಟು, ಹೇಳಿದ ಮಾತು ಸರಿ. ಮುದುಕನ ಮುಖ ಚೆನ್ನಾಗಿದೆ. ಆ ಗಡ್ಡ, ಬಾಗಿದ ಬೆನ್ನು, ಜೋಲು ಅಂಗಿ, ಎಲ್ಲ ಇಷ್ಟ ಆಯಿತು. ಆದರೆ ಬಕೆಟ್ ಖಾಲಿ ಕಣೋ. ಒಳಗೆ ನೀರು ಬರೆದಿದ್ದೀಯ, ಅದಕ್ಕೆ ನೀಲಿ ಬೇರೆ ಬಳಿದಿದ್ದೀಯ, ಆದರೂ ಖಾಲಿ. ಕೈ ಹಿಡಿಕೆ ಮುಟ್ಟಿದ್ದೇ ತಡ, ಬಕೆಟ್ ನೆಲ ಬಿಟ್ಟು ಮೇಲೆ ಬಂದಿದೆ. ಎಣಿಸಿದೆ, ಬರೀ ಆರು ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಅಂದರೆ ಅದು ಕಾಲು ಸೆಕೆಂಡ್. ಎಂಬತ್ತು ವರ್ಷದವನು ತುಂಬಿದ ಬಕೆಟನ್ನು ಕಾಲು ಸೆಕೆಂಡಿನಲ್ಲಿ ಎತ್ತುತ್ತಾನಾ?

ಈ ಭಾನುವಾರ ಒಂದು ಕೆಲಸ ಮಾಡು. ಒಂದು ಬಕೆಟ್ ತುಂಬ ನೀರು ಹಿಡಿ. ಫೋನನ್ನು ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ ನಿಲ್ಲಿಸಿ ರೆಕಾರ್ಡ್ ಹಾಕು. ಮೊದಲು ಖಾಲಿ ಬಕೆಟ್ ಎತ್ತು, ಆಮೇಲೆ ತುಂಬಿದ್ದು. ಎರಡನ್ನೂ ಫ್ರೇಮ್ ಫ್ರೇಮಾಗಿ ನೋಡು. ತುಂಬಿದ್ದನ್ನು ಎತ್ತುವಾಗ ಮೊದಲು ಕೆಲಸ ಮಾಡುವುದು ಕೈಯಲ್ಲ, ಕಾಲು. ಬಕೆಟ್ಟಿಗೆ ಇನ್ನಷ್ಟು ಹತ್ತಿರ ಬಂದು ನಿಲ್ಲುತ್ತದೆ. ಆಮೇಲೆ ಬೆರಳು ಹಿಡಿಕೆ ಸುತ್ತಿಕೊಳ್ಳುತ್ತವೆ. ತೋಳು ನೆಟ್ಟಗಾಗುತ್ತದೆ, ಭುಜ ಕೆಳಗೆ ಎಳೆದುಕೊಳ್ಳುತ್ತದೆ, ಆಗ ಒಂದು ಗಳಿಗೆ ಏನೂ ಆಗುವುದಿಲ್ಲ. ಆ ಏನೂ ಆಗದ ಗಳಿಗೆ ಇದೆಯಲ್ಲ, ಭಾರ ಇರುವುದೇ ಅಲ್ಲಿ. ನಿನ್ನ ಟೆಸ್ಟಿನಲ್ಲಿ ಅದು ಇಲ್ಲವೇ ಇಲ್ಲ. ಆಮೇಲೆ ಸೊಂಟ ಆಚೆ ಕಡೆಗೆ ವಾಲುತ್ತದೆ, ಇನ್ನೊಂದು ಕೈ ತಾನಾಗಿಯೇ ಅಗಲಕ್ಕೆ ಚಾಚಿಕೊಳ್ಳುತ್ತದೆ, ಬಕೆಟ್ ಎಲ್ಲರಿಗಿಂತ ಕೊನೆಗೆ ಏಳುತ್ತದೆ. ಅದೂ ನೇರಕ್ಕೆ ಅಲ್ಲ, ಕಾಲಿನ ಕಡೆಗೆ ಒಂದು ತೂಗು ತೂಗಿ. ಬಕೆಟ್ ನಿಂತ ಮೇಲೂ ಒಳಗಿನ ನೀರು ನಿಲ್ಲುವುದಿಲ್ಲ, ಎರಡು ಸಲ ಅಂಚಿಗೆ ಬಡಿದು ಆಮೇಲೆ ಸುಮ್ಮನಾಗುತ್ತದೆ.

ಇದಕ್ಕೆಲ್ಲ ನಿಮ್ಮ ಕ್ಲಾಸಿನಲ್ಲಿ ಹೆಸರಿದೆ. ಚಲನೆಗೆ ಮುಂಚಿನ ತಯಾರಿಗೆ ಆಂಟಿಸಿಪೇಶನ್, ಒಂದಾದ ಮೇಲೊಂದು ಚಲಿಸುವುದಕ್ಕೆ ಓವರ್‌ಲ್ಯಾಪಿಂಗ್ ಆಕ್ಷನ್, ಇನ್ನೇನೇನೋ. ಆನಿಮೇಷನ್ನಿನ 12 ಸೂತ್ರಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡಿದ್ದೀನಿ ಅಂತ ಬರೆದಿದ್ದೆಯಲ್ಲ, ಅಂಟಿಸಿಕೋ, ತಪ್ಪಿಲ್ಲ. ಆದರೆ ಒಂದು ವಿಷಯ ನೆನಪಿಟ್ಟುಕೋ. ಡಿಸ್ನಿಯಲ್ಲಿ ಚಿತ್ರ ಬರೆಯುತ್ತಿದ್ದ ಫ್ರ್ಯಾಂಕ್ ಥಾಮಸ್ ಮತ್ತು ಆಲೀ ಜಾನ್‌ಸ್ಟನ್ ಆ 12 ಸೂತ್ರಗಳನ್ನು ಪುಸ್ತಕದಲ್ಲಿ ಬರೆದದ್ದು 1981ರಲ್ಲಿ. ಅವರು ಮತ್ತು ಅವರ ಜೊತೆಗಾರರು ಆ ಕೆಲಸ ಕೈಯಲ್ಲಿ ಮಾಡಿ ಮಾಡಿ ಕಂಡುಕೊಂಡದ್ದು 1930ರ ದಶಕದಿಂದ. ಮೊದಲು ಚಿತ್ರ, ಪಟ್ಟಿ ಆಮೇಲೆ. ನೀವು ಹುಡುಗರು ಉಲ್ಟಾ ಹೋಗ್ತೀರಿ. ಇಲ್ಲಿ ಒಂದು ಸ್ಕ್ವಾಷ್ ಅಂತ ಅಮುಕಿ, ಅಲ್ಲಿ ಒಂದು ಸ್ಟ್ರೆಚ್ ಅಂತ ಹಿಗ್ಗಿಸಿ, ಒಗ್ಗರಣೆ ಹಾಕಿದ ಹಾಗೆ ಹಾಕ್ತೀರಿ.

ಇನ್ನೊಂದು. ಮಧ್ಯದ ಫ್ರೇಮುಗಳನ್ನು ಸಾಫ್ಟ್‌ವೇರ್ ಕೈಗೆ ಬಿಟ್ಟಿದ್ದೀಯ ಅಲ್ವಾ? ಮುದುಕ ಎದ್ದು ನಿಲ್ಲುವ ಕಡೆ ಗೊತ್ತಾಗುತ್ತದೆ. ನೀರೊಳಗೆ ತೇಲಿದ ಹಾಗೆ ಏಳುತ್ತಾನೆ. ಎರಡು ಕೀ, ಅಂದರೆ ಶುರುವಿನ ಮತ್ತು ಕೊನೆಯ ಮುಖ್ಯ ಚಿತ್ರ, ಕೊಟ್ಟು ಸುಮ್ನೆ ಬಿಟ್ಟರೆ ಅದು ನಡುವಿನ ದಾರಿಯನ್ನು ಅಳೆದು ಹಂಚಿಬಿಡುತ್ತದೆ. ಮನುಷ್ಯರ ಮೈ ಹಾಗೆ ಹಂಚಿಕೊಂಡು ಏಳುವುದಿಲ್ಲ. ಮೊಣಕಾಲು ಹಿಡಿದು ಒದ್ದಾಡಿ, ಅರ್ಧದಲ್ಲಿ ನಿಂತು, ಆಮೇಲೆ ಸರಕ್ಕನೆ ನೆಟ್ಟಗಾಗುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇನ್‌ಬಿಟ್ವೀನ್ ಅಂದರೆ ಎರಡು ಗೆರೆಗಳ ಸರಿ ಮಧ್ಯ ಇನ್ನೊಂದು ಗೆರೆ ಅಂದುಕೊಂಡಿದ್ದೆ. ಹಾಗೆ ಮಾಡಿದರೆ ತಿರುಗುವ ತಲೆ ತಿರುಗುವುದಿಲ್ಲ, ಜಾರುತ್ತದೆ. ಮೂಗು ಕೆಳಕ್ಕೆ ಬಾಗಿ ಕಮಾನಿನಲ್ಲಿ ಹೋಗಬೇಕು. ಇದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು, ಹಿರಿಯರೊಬ್ಬರ ಕೆಂಪು ಪೆನ್ಸಿಲಿನ ಗೀಟುಗಳೂ ಸಾಕಷ್ಟು ಬಿದ್ದವು.

ಈಗ ನಿನ್ನ ಫಿಲ್ಮಿನ ವಿಷಯ. ನಾಲ್ಕು ನಿಮಿಷ ಅಂದಿದ್ದೀಯ. ಒಬ್ಬನೇ ಮಾಡ್ತೀನಿ, ಎಲ್ಲ ಕೈಯಲ್ಲೇ ಬರೀತೀನಿ, ಐದು ತಿಂಗಳು ಇದೆ ಅಂತ. ಲೆಕ್ಕ ಹಾಕೋಣ. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೂ ಸೆಕೆಂಡಿಗೆ 12 ಚಿತ್ರ. ನಾಲ್ಕು ನಿಮಿಷ ಅಂದರೆ 240 ಸೆಕೆಂಡ್, 2,880 ಚಿತ್ರ. ದಿನಕ್ಕೆ 20 ಬರೆದೆ ಅಂತ ಇಟ್ಟುಕೊಂಡರೂ 144 ದಿನ. ಅದೂ ಒಂದು ದಿನವೂ ಜ್ವರ ಬರದೆ, ಒಂದು ಶಾಟನ್ನೂ ಮತ್ತೆ ಮಾಡದೆ, ಫ್ರೇಮಿನಲ್ಲಿ ಇರುವವನು ಆ ಮುದುಕ ಒಬ್ಬನೇ ಆಗಿದ್ದರೆ. ಬಣ್ಣ, ಹಿನ್ನೆಲೆ, ಸದ್ದು, ಎಡಿಟಿಂಗ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ತೊಂಬತ್ತು ಸೆಕೆಂಡಿಗೆ ಇಳಿಸಿದರೆ 1,080 ಚಿತ್ರ, 54 ದಿನ. ಉಳಿದ ದಿನಗಳು ತಪ್ಪು ಮಾಡುವುದಕ್ಕೆ, ತಿದ್ದುವುದಕ್ಕೆ.

ಚಿಕ್ಕದು ಅಂತ ನಾಚಿಕೊಳ್ಳಬೇಡ. ಎಮಿಲ್ ಕೋಲ್ 1908ರಲ್ಲಿ ಸುಮಾರು 700 ಚಿತ್ರ ಬರೆದು ಎರಡು ನಿಮಿಷವೂ ಇಲ್ಲದ ಒಂದು ಫಿಲ್ಮ್ ಮಾಡಿದ. ಕಡ್ಡಿಯಂಥ ಗೆರೆಗಳು ಒಂದು ಇನ್ನೊಂದಾಗುತ್ತಾ ಹೋಗುತ್ತವೆ, ಅಷ್ಟೇ. ನೂರು ವರ್ಷ ದಾಟಿದ ಮೇಲೂ ಜನ ಅದನ್ನು ಹುಡುಕಿಕೊಂಡು ನೋಡ್ತಾರೆ. ನಿನ್ನ ಕಥೆಯಲ್ಲಿ ನಿಜವಾಗಿ ಇರುವುದು ಏನು? ಮುದುಕ ಒಣಗಿದ ಗಿಡಕ್ಕೆ ದಿನಾ ನೀರು ತಂದು ಹಾಕುತ್ತಾನೆ. ಅಷ್ಟು ಸಾಕು. ಅವನ ಮದುವೆಯ ಫ್ಲ್ಯಾಶ್‌ಬ್ಯಾಕ್, ಊರು ಬಿಟ್ಟ ಮಗ, ಮಳೆಯಲ್ಲಿ ಓಡುವ ಜನರ ಗುಂಪು, ಇವೆಲ್ಲ ಯಾಕೆ? ಗುಂಪು ಬರೆಯುವುದು ಎಂಥ ಶಿಕ್ಷೆ ಅಂತ ನನ್ನನ್ನು ಕೇಳು. ಬೇಡ, ಕೇಳಬೇಡ.

ನನ್ನ ಕೊನೆ ವರ್ಷದ ಫಿಲ್ಮಿನ ಕಥೆ ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ನಾನೇ ಯಾರಿಗೂ ಹೇಳಿಲ್ಲ. ಹುಡುಗಿಯೊಬ್ಬಳು ಅಪ್ಪನಿಗೆ ಕಾಣದ ಹಾಗೆ ಒಂದು ಕಾಗದ ಬಚ್ಚಿಡುತ್ತಾಳೆ. ಇಡೀ ಫಿಲ್ಮ್ ನಿಂತಿರುವುದು ಆ ಕಾಗದದ ಮೇಲೆ. ನಾನು ಮೂರು ತಿಂಗಳು ಯಾರಿಗೂ ತೋರಿಸಲಿಲ್ಲ. ಅರೆಬರೆ ಕೆಲಸ ತೋರಿಸಿದರೆ ನಗ್ತಾರೆ ಅಂತ ಭಯ. ಅವಳ ಹಿಂದಿನ ಮರದ ಎಲೆಗಳನ್ನು ಒಂದೊಂದಾಗಿ, ನರ ಸಮೇತ ಬರೆದೆ. ಜ್ಯೂರಿ ದಿನ ಫಿಲ್ಮ್ ಮುಗಿದು ದೀಪ ಹಾಕಿದರು. ಹೊರಗಿನಿಂದ ಬಂದಿದ್ದವರೊಬ್ಬರು ಮೆಲ್ಲಗೆ ಕೇಳಿದರು, "ಆ ಮಗು ಯಾಕಮ್ಮ ಹೆದರಿದೆ?" ಕಾಗದ ಯಾರಿಗೂ ಕಂಡೇ ಇರಲಿಲ್ಲ! ನಾನು ಅವಳನ್ನು ಎದುರಿನಿಂದ ಬರೆದಿದ್ದೆ. ಕೈಯೂ ಕಾಗದವೂ ಅವಳ ಅಂಗಿಯ ಮುಂದೆಯೇ ಇದ್ದವು, ಬಿಳಿ ಅಂಗಿಯ ಮೇಲೆ ಬಿಳಿ ಕಾಗದ. ಅವಳನ್ನು ಸ್ವಲ್ಪ ಓರೆಯಾಗಿ ತಿರುಗಿಸಿ ಕೈಯನ್ನು ಮೈಯಿಂದ ಹೊರಗೆ ತಂದಿದ್ದರೆ ಸಾಕಿತ್ತು. ಒರಟು ಚಿತ್ರಗಳನ್ನು ಜೋಡಿಸಿ ಓಡಿಸಿ ನೋಡುವ ಆನಿಮ್ಯಾಟಿಕ್ ಹಂತದಲ್ಲಿ ಹತ್ತು ನಿಮಿಷದ ಕೆಲಸ. ಪಕ್ಕದ ಟೇಬಲಿನವಳಿಗೆ ತೋರಿಸಿದ್ದರೆ ಅವಳೇ ಹೇಳ್ತಿದ್ದಳು.

ಅಂದಿನಿಂದ ನನಗೆ ಒಂದು ಚಟ. ಯಾವ ಪೋಸ್ ಬರೆದರೂ ಮೊದಲು ಪೂರ್ತಿ ಕಪ್ಪು ತುಂಬಿಸಿ ನೋಡುವುದು. ಬರೀ ನೆರಳಿನಲ್ಲೇ ಅವನೇನು ಮಾಡ್ತಿದ್ದಾನೆ ಅಂತ ಗೊತ್ತಾದರೆ ಸರಿ. ಲೊಟ್ಟೆ ರೈನಿಗರ್ ಎಂಬಾಕೆ ಸುಮಾರು ಮೂರು ವರ್ಷ ದುಡಿದು 1926ರಲ್ಲಿ ಪೂರ್ತಿ ಉದ್ದದ ಚಿತ್ರವನ್ನೇ ಕಪ್ಪು ಕಾಗದ ಕತ್ತರಿಸಿ ಮಾಡಿದ್ದಳು. ಪಕ್ಕದಿಂದ ಕಾಣುವ ನೆರಳು ಮಾತ್ರ, ಹುಬ್ಬು ಗಂಟಿಕ್ಕಲೂ ಮುಖ ಇಲ್ಲ. ಆದರೂ ಯಾರಿಗೆ ಸಿಟ್ಟು ಬಂದಿದೆ, ಯಾರು ಹೆದರಿದ್ದಾರೆ ಅಂತ ಬೆನ್ನು, ಬೆರಳು ನೋಡಿಯೇ ಹೇಳಬಹುದು. ನಿನ್ನ ಮುದುಕನಿಗೂ ಕಪ್ಪು ತುಂಬಿ ನೋಡಿದೆ. ಮೂರನೇ ಸೆಕೆಂಡಿನಲ್ಲಿ ಅವನು ಬಗ್ಗಿದ್ದಾನೋ, ಗೂನು ಬೆನ್ನಿನ ಕಲ್ಲೋ ಗೊತ್ತಾಗುವುದಿಲ್ಲ. ಮೊಣಕೈಯನ್ನು ಹೊರಗೆ ತಾ.

ಮೇಷ್ಟ್ರ ಮಾತಿಗೆ ಬರ್ತೀನಿ. ನೀನು ಬಣ್ಣ ಹಾಕಿ, ಶೇಡ್ ಕೊಟ್ಟು, ಟೈಟಲ್ ಕೂಡ ಸೇರಿಸಿ ತೋರಿಸಿದ್ದೆ. ಅಷ್ಟು ಮುಗಿಸಿದ ಮೇಲೆ ಯಾರು ಏನೇ ಹೇಳಿದರೂ ಬೈಗುಳದ ಹಾಗೇ ಕೇಳಿಸುತ್ತದೆ, ಯಾಕಂದ್ರೆ ತಿದ್ದಲು ಮನಸ್ಸಿರುವುದಿಲ್ಲ. ಮುಂದಿನ ಸಲ ಒರಟು ಗೆರೆಯಲ್ಲಿ, ಬರೀ ಎಂಟು ಹತ್ತು ಪೋಸ್ ಇರುವಾಗಲೇ ತೋರಿಸು. "ಹೇಗಿದೆ ಸಾರ್" ಅಂತ ಕೇಳಬೇಡ, ಅದಕ್ಕೆ ಚೆನ್ನಾಗಿದೆ ಅಥವಾ ಇಲ್ಲ ಅನ್ನುವ ಉತ್ತರವೇ ಬರುವುದು. "ಬಕೆಟ್ ಭಾರ ಇದೆ ಅನ್ನಿಸುತ್ತಾ, ಯಾವ ಫ್ರೇಮಿನಲ್ಲಿ ತಪ್ಪುತ್ತದೆ" ಅಂತ ಕೇಳು. ಅವರು ಪೆನ್ಸಿಲ್ ತೆಗೆದುಕೊಂಡು ನಿನ್ನ ಚಿತ್ರದ ಮೇಲೇ ಗೀಚಿದರೆ ಮುಖ ಸಿಂಡರಿಸಬೇಡ. ಆ ಗೀಚು ಹಾಳೆ ಎತ್ತಿಟ್ಟುಕೋ. ಎಲ್ಲದಕ್ಕೂ ತಲೆಯಾಡಿಸಬೇಕು ಅಂತಲ್ಲ. ಮುದುಕನ ಟೋಪಿ ತೆಗೆ ಅಂದರಂತಲ್ಲ, ತೆಗೆಯಬೇಡ, ಟೋಪಿ ಇರಲಿ. ಅದು ನಿನ್ನ ಇಷ್ಟ. ಭಾರ ಇಷ್ಟದ ವಿಷಯ ಅಲ್ಲ.

ನಿನ್ನ ಗೆಳೆಯ ವಾರಕ್ಕೊಂದು ಕ್ಲಿಪ್ ಹಾಕ್ತಾನೆ, ಸಾವಿರಾರು ಜನ ಮೆಚ್ಚುತ್ತಾರೆ, ನನಗೆ ಮೂವತ್ತು ಅಂತ ಕೊರಗಿದ್ದೀಯ. ಅವನದನ್ನೂ ನೋಡಿದೆ. ಚೆನ್ನಾಗಿ ಬರೀತಾನೆ ಹುಡುಗ, ಸುಳ್ಳು ಹೇಳಲ್ಲ. ಹೋಗಿ ಅವನ ಪಕ್ಕ ಕೂತು ಹೇಗೆ ಮಾಡ್ತಾನೆ ನೋಡು. ಹೊಟ್ಟೆಕಿಚ್ಚಿಗೂ ಒಂದು ಉಪಯೋಗ ಇರಲಿ.

ಮಾತು ಸೇರಿಸುವ ಶಾಟ್ ಒಂದು ಇದೆ ಅಂದೆಯಲ್ಲ, ಮುದುಕ ಗಿಡಕ್ಕೆ "ಕುಡಿಯಮ್ಮ" ಅನ್ನುವುದು. ಎಲ್ಲ ಅಕ್ಷರಕ್ಕೂ ಬಾಯಿ ಆಡಿಸಲು ಹೋಗಬೇಡ, ಬಾಯಿ ಪಟಪಟ ಬಡಿದುಕೊಳ್ಳುತ್ತದೆ. ತುಟಿ ಮುಚ್ಚುವ ಅಕ್ಷರ ಹಿಡಿ. ಪ, ಬ, ಮ ಬಂದಾಗ ಬಾಯಿ ಮುಚ್ಚಲೇಬೇಕು, ಎರಡು ಫ್ರೇಮ್ ಆದರೂ. ಇಲ್ಲಿ ಒತ್ತಕ್ಷರ ಬೇರೆ, ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಮುಚ್ಚಿರಲಿ. ಸದ್ದಿಗಿಂತ ಒಂದೋ ಎರಡೋ ಫ್ರೇಮ್ ಮುಂಚೆ ಬಾಯಿ ಆ ಆಕಾರಕ್ಕೆ ಬಂದರೆ ಕಣ್ಣಿಗೆ ಸರಿ ಕಾಣುತ್ತದೆ. ನೀನೇ ಕನ್ನಡಿ ಮುಂದೆ ಹೇಳಿ ನೋಡು, ರೂಮಿನವರು ಏನಾದರೂ ಅಂದುಕೊಳ್ಳಲಿ.

ರಾತ್ರಿ ಮೂರರವರೆಗೆ ಕೂರುವುದನ್ನು ಬಿಡು ಅಂದರೆ ಬಿಡಲ್ಲ, ಗೊತ್ತು. ಮಣಿಕಟ್ಟು ಜುಮ್ಮೆನ್ನುತ್ತೆ ಅಂತ ಬರೆದಿದ್ದು ಮಾತ್ರ ನನಗೆ ಹಿಡಿಸಲಿಲ್ಲ. ನನಗೂ ಹಾಗೇ ಶುರುವಾಗಿದ್ದು, ಅಸಡ್ಡೆ ಮಾಡಿದೆ. ಈಗ ಬಾಟಲಿ ಮುಚ್ಚಳ ತೆಗೆಯಲು ನಿನ್ನ ಚಿಕ್ಕಪ್ಪನನ್ನು ಕರೆಯಬೇಕು. ಮಣಿಕಟ್ಟಿನಿಂದ ಅಲ್ಲ, ಭುಜದಿಂದ ಗೆರೆ ಎಳೆ. ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸು, ಈ ವಾರವೇ.

ಕೊನೆಯದು, ನೀನು ನಗ್ತೀಯ. ಒಮ್ಮೆ ನಾನು ಹಕ್ಕಿ ಹಾರುವ ಶಾಟಿನ ಮುನ್ನೂರು ಹಾಳೆ ಬರೆದು, ಆಮೇಲೆ ಹಾಕಿದರಾಯಿತು ಅಂತ ನಂಬರ್ ಹಾಕದೆ ಮೇಜಿನ ಮೇಲಿಟ್ಟು ಎದ್ದು ಹೋಗಿದ್ದೆ. ಯಾರೋ ಫ್ಯಾನ್ ಹಾಕಿದರು. ವಾಪಸ್ ಬಂದಾಗ ಹಕ್ಕಿ ನಿಜವಾಗಿಯೂ ಹಾರಿತ್ತು, ರೂಮಿನ ತುಂಬ. ರೆಕ್ಕೆಯ ಬಾಗು ನೋಡಿ ನೋಡಿ ಜೋಡಿಸಲು ಎರಡು ದಿನ ಹಿಡಿಯಿತು, ಆದರೂ ಒಂದು ಕಡೆ ಬಾಲ ಚಂಗನೆ ಹಿಂದಕ್ಕೆ ಹಾರುವುದು ಫಿಲ್ಮಿನಲ್ಲಿ ಹಾಗೇ ಉಳಿಯಿತು. ನಿನ್ನದು ಕಾಗದವಲ್ಲ, ಫ್ಯಾನಿನ ಭಯ ಇಲ್ಲ ಅನ್ನಬೇಡ. ನೀನು ಕಳಿಸಿದ ಫೈಲಿನ ಹೆಸರು "ಫೈನಲ್ ಹೊಸದು 3 ನಿಜವಾದ್ದು" ಅಂತ ಇತ್ತು. ಶಾಟ್ ನಂಬರ್, ತಾರೀಕು ಹಾಕಿ ಇಡು, ಇನ್ನೊಂದು ಡಿಸ್ಕಿನಲ್ಲೂ ಒಂದು ಪ್ರತಿ ಇರಲಿ.

ಬಕೆಟ್ಟಿನ ವಿಡಿಯೊ ಮೊದಲು ಕಳಿಸು. ಹೊಸ ಲೈನ್ ಟೆಸ್ಟ್ ಆಮೇಲೆ, ಬಣ್ಣ ಹಾಕದೆ. ನೀರು ನೆಲಕ್ಕೆ ಚೆಲ್ಲಿದ್ದರೆ ಅದೂ ವಿಡಿಯೊದಲ್ಲಿ ಇರಲಿ, ಕತ್ತರಿಸಬೇಡ. ಚೆಲ್ಲಿದಾಗ ನಿನ್ನ ಕಾಲು ಹೇಗೆ ಹಿಂದಕ್ಕೆ ಹೋಯಿತು ಅಂತ ನಾನು ನೋಡಬೇಕು.

ನಿನ್ನ ಚಿಕ್ಕಮ್ಮ