ಹಳ್ಳದ ಚೆಕ್ ಡ್ಯಾಂ ಪಕ್ಕದಲ್ಲಿ ಮೀನು ಹತ್ತಲು ದಾರಿ ಮಾಡಿಕೊಡುವಂತೆ ಮನವಿ

ಇವರಿಗೆ,
ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ, ಶ್ರೀರಂಗಪಟ್ಟಣ ತಾಲ್ಲೂಕು, ಮಂಡ್ಯ ಜಿಲ್ಲೆ

ಮಾನ್ಯರೇ,

ಕಾವೇರಿಗೆ ಸೇರುವ ನಮ್ಮೂರ ಹಳ್ಳಕ್ಕೆ ಹೋದ ವರ್ಷ ಚೆಕ್ ಡ್ಯಾಂ ಆಯಿತು. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ. ಅದನ್ನು ಒಡೆಯಿರಿ ಎನ್ನಲು ನಾವು ಬಂದಿಲ್ಲ.

ಈ ಸಲ ಮುಂಗಾರಿನ ಮೊದಲ ಕೆನ್ನೀರು ಬಂದ ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದೆವು. ಗೋಡೆಯ ಬುಡದಲ್ಲಿ ಗೆಂಡೆ ಮೀನು ಕಿಕ್ಕಿರಿದಿದ್ದವು. ಒಂದೊಂದೇ ಎಗರುವುದು, ಸಾರಣೆ ಮಾಡಿದ ಸಿಮೆಂಟಿಗೆ ಬಡಿದು ಜಾರಿ ಬೀಳುವುದು. ಕೈಗೆತ್ತಿಕೊಂಡ ಒಂದರ ಹೊಟ್ಟೆಯಿಂದ ಸಾಸಿವೆಗಿಂತ ಸಣ್ಣ ಮೊಟ್ಟೆ ಬೆರಳಿಗೆ ಅಂಟಿತು. ಬೆಳಗಾಗುವಷ್ಟರಲ್ಲಿ ಊರವರು ಸೊಳ್ಳೆಪರದೆ ತಂದು ಬಕೆಟ್ ತುಂಬಿಕೊಂಡರು. ಸಹಿ ಹಾಕಿರುವ ನಮ್ಮಲ್ಲೂ ಕೆಲವರು ಆ ಸಾರು ಉಂಡಿದ್ದೇವೆ, ಮುಚ್ಚಿಡುವುದೇಕೆ.

ಗ್ರಾಮಸಭೆಯಲ್ಲಿ ಈ ಮಾತೆತ್ತಿದಾಗ ಸದಸ್ಯರೊಬ್ಬರು ಮೊಬೈಲಿನಲ್ಲಿ ಹವಾಯಿ ದ್ವೀಪದ ಮೀನಿನ ವಿಡಿಯೋ ತೋರಿಸಿದರು. 'ಅವು ಜಲಪಾತವನ್ನೇ ಹತ್ತುತ್ತವೆ, ನಿಮ್ಮ ಗೆಂಡೆಗೆ ಎದೆಮಟ್ಟದ ಗೋಡೆ ದೊಡ್ಡದೇ? ಇಲ್ಲಿ ಹೋದರೆ ಇನ್ನೊಂದು ಕಡೆಯಿಂದ ಬರುತ್ತವೆ ಬಿಡಿ' ಎಂದರು. ನಾವೂ ಓದಿ ತಿಳಿದುಕೊಂಡೆವು. ವಿಡಿಯೋ ಸುಳ್ಳಲ್ಲ. ಅವು ಗೋಬಿ ಜಾತಿಯವು (ಗಾಡಿಯ ಗೋಬಿಯಲ್ಲ). ಹೊಟ್ಟೆಯಡಿಯ ಈಜುರೆಕ್ಕೆಗಳು ಕೂಡಿಕೊಂಡು ಬಟ್ಟಲಿನಂತಾಗಿ ಬಂಡೆಗೆ ಕಚ್ಚುತ್ತವೆ. ಸುಮಾರು 135 ಮೀಟರ್ ಎತ್ತರದ ಅಕಾಕ ಜಲಪಾತದ ಮೇಲೂ ಒಂದು ಜಾತಿ ಸಿಗುತ್ತದೆ. ಮೊಟ್ಟೆ ಇಡುವುದು ತೊರೆಯಲ್ಲಿ; ಒಡೆದ ಮರಿಗಳು ಸಮುದ್ರಕ್ಕೆ ಕೊಚ್ಚಿಹೋಗಿ, ತಿಂಗಳುಗಟ್ಟಲೆ ತೇಲಾಡಿ, ಯಾವುದೋ ಒಂದು ತೊರೆಯ ಬಾಯಿಗೆ ಬರುತ್ತವೆ. ಹುಟ್ಟಿದ ತೊರೆಗೇ ಬರಬೇಕೆಂದಿಲ್ಲ. ವಿಜ್ಞಾನಿಗಳು ಬೇರೆ ಬೇರೆ ದ್ವೀಪಗಳ ಮೀನಿನ ಡಿಎನ್‌ಎ ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದಿದ್ದುದು ಇದಕ್ಕೇ. ಎಲ್ಲವೂ ಬಹುಮಟ್ಟಿಗೆ ಒಂದೇ ಸಂಸಾರ. ಅಲ್ಲಿ ಒಂದು ತೊರೆ ಬತ್ತಿದರೂ ಸಮುದ್ರ ಮತ್ತೆ ಮರಿ ತಂದು ಬಿಡುತ್ತದೆ.

ನಮ್ಮ ಗೆಂಡೆಗೆ ಸಮುದ್ರದ ಬಾಳಿಲ್ಲ. ಮೇಲೆ ಕನ್ನಂಬಾಡಿ ಕಟ್ಟೆ, ಕೆಳಗೆ ಶಿವನಸಮುದ್ರದ ಜಲಪಾತ. ಈ ನಡುವಿನ ಹೊಳೆ, ಅದಕ್ಕೆ ಸೇರುವ ಹಳ್ಳಗಳು, ಇಷ್ಟೇ ಅದರ ಲೋಕ. ಅದರಲ್ಲೂ ಹಳ್ಳಕ್ಕೊಂದು ಗೋಡೆ ಎದ್ದರೆ ಮೇಲೆ ಉಳಿದವು ತಮ್ಮತಮ್ಮಲ್ಲೇ ಕೂಡಿ ತಳಿ ಬಡವಾಗುತ್ತದೆ. ಒಂದು ಬೇಸಿಗೆಗೆ ಮಡು ಬತ್ತಿದರೆ ಕೆಳಗಿನಿಂದ ಬಂದು ತುಂಬುವ ದಾರಿಯೂ ಇರುವುದಿಲ್ಲ.

ಆದ್ದರಿಂದ ಗೋಡೆಯ ಒಂದು ಪಕ್ಕ ಕಾಡುಗಲ್ಲು ಜೋಡಿಸಿ ಉದ್ದನೆಯ, ನಿಧಾನದ ಇಳಿಜಾರು ಮಾಡಿಕೊಡಬೇಕು. ಸಾರಣೆ ಬೇಡ, ಕಲ್ಲು ಉಬ್ಬುತಗ್ಗಾಗಿರಲಿ, ನಡುನಡುವೆ ಮೀನು ನಿಂತು ಸುಧಾರಿಸಿಕೊಳ್ಳಲು ಗುಂಡಿಗಳಿರಲಿ. ಹೊಸ ಮಳೆಯ ದಿನಗಳಲ್ಲಿ ಗೋಡೆಯ ಬುಡದಲ್ಲಿ ಬಲೆ ಹಾಕದಂತೆ ಟಾಂಟಾಂ ಹೊಡೆಸಬೇಕು.

ಹಳ್ಳಕ್ಕೆ ಕಾಟ್ಲಾ, ರೋಹು ಮರಿ ಬಿಡುವ ಪ್ರಸ್ತಾವವನ್ನೂ ಕೈಬಿಡಿ. ಅವು ಗಂಗೆಯ ಕಡೆಯ ಮೀನು, ಕೆರೆಗೆ ಬಿಟ್ಟುಕೊಳ್ಳಲಿ, ನಮ್ಮ ತಕರಾರಿಲ್ಲ.

ಕಲ್ಲು ಹೊರಲು ನಮ್ಮ ಟ್ರ್ಯಾಕ್ಟರ್ ಎರಡು ದಿನ ಬಿಟ್ಟಿ ಕೊಡುತ್ತೇವೆ. ಹಳ್ಳದಲ್ಲಿ ನೀರು ಇಳಿದ ಮೇಲೆ ಎಂಜಿನಿಯರರನ್ನು ಒಮ್ಮೆ ಸ್ಥಳಕ್ಕೆ ಕಳುಹಿಸಿ. ಜಾಗ ನಾವೇ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹಳ್ಳದ ದಂಡೆಯ ಬೀದಿಯ ನಿವಾಸಿಗಳು
(ಸಹಿಗಳು ಹಿಂಬದಿಯಲ್ಲಿವೆ)